ನೀವು ಕೇಳಿದ್ದು ಇವರನ್ನಲ್ಲ, ಆದರೂ...

ನಮ್ಮ ಸೋದರಮಾವನಿಗೆ 'ಇಲ್ಲ' ಅನ್ನುವುದಕ್ಕೆ ಬರುವುದಿಲ್ಲ. ಕೊಡುಗೈ ದೊರೆ ಅಂದುಕೊಂಡು ಅವರ ಕೊಡೆ ಕೇಳಲು ಹೊರಟುಬಿಡಬೇಡಿ ಮತ್ತೆ! ಕೊಡೆ ಕೊಡುವುದಿಲ್ಲ, ಹಾಗಂತ 'ಇಲ್ಲ' ಅಂತಲೂ ಹೇಳುವುದಿಲ್ಲ. ಮಳೆ ನಿಲ್ಲುವ ತನಕ ಕೂರಿಸಿಕೊಂಡು ಮಾತಾಡಿಸುತ್ತಾರೆ. ಮಳೆ ನಿಂತರೂ ಮಾತು ನಿಲ್ಲದೆ, ನೆನೆದುಕೊಂಡೇ ಹೋಗಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಜನಕ್ಕೆ ಅನ್ನಿಸಿದೆ.

ಇಂಥವರು ಕೆಲಸ ಮಾಡುತ್ತಿದ್ದದ್ದಾದರೂ ಎಲ್ಲಿ ಅಂತೀರಿ? ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ! 'ಫೈಲು ಸಿಗಲಿಲ್ಲ, ನಾಳೆ ಬನ್ನಿ' ಅಂತ ಹೇಳುವುದನ್ನೇ ಒಂದು ವಿದ್ಯೆಯಾಗಿ ಕಲಿಯುವ ಜಾಗದಲ್ಲಿ, ಆ ವಿದ್ಯೆ ಹತ್ತದ ಮನುಷ್ಯ. ಅವರ ಮೇಲಧಿಕಾರಿಗಳು ಪಟ್ಟ ಪಾಡು ಆ ಶಿವನಿಗೇ ಪ್ರೀತಿ.

ಒಮ್ಮೆ ಚಾಮರಾಜಪುರಂನ ಅವರ ಮನೆ ಮುಂದೆ ಯಾರೋ ಅಪರಿಚಿತರು ಕೆನ್ನೆ ಹಿಡಿದುಕೊಂಡು ನಿಂತು, ಇಲ್ಲೊಬ್ಬರು ಹಲ್ಲಿನ ಡಾಕ್ಟರಿದ್ದರಲ್ಲ, ಅವರ ಮನೆ ಯಾವುದು ಅಂತ ಕೇಳಿದರು. ಡಾಕ್ಟರು ಜಯಲಕ್ಷ್ಮಿಪುರಂಗೆ ಮನೆ ಬದಲಾಯಿಸಿ ವರ್ಷಗಳೇ ಆಗಿದ್ದವು. ನೀವಾದರೆ, ನಾನಾದರೆ 'ಇಲ್ಲಿಲ್ಲ' ಅಂತೀವಿ. ಮಾವ ಕೇಳಿದ್ದು, "ಯಾವ ಹಲ್ಲು ಸ್ವಾಮಿ?" ಅಂತ! ಆಮೇಲೆ ಅವರನ್ನು ಒಳಗೆ ಕರೆದು, ಲವಂಗ ಕೊಟ್ಟು, ಕಾಫಿ ಕುಡಿಸಿ, ಆಟೋ ಹತ್ತಿಸಿ ಬಂದರು. ಹೋಗುವಾಗ ಅವರಿಗೆ ಹಲ್ಲುನೋವು ಕಡಿಮೆಯಾಗಿತ್ತು. ನಮ್ಮತ್ತೆಗೆ ತಲೆನೋವು ಶುರುವಾಗಿತ್ತು.

"ಅಲ್ರೀ, ಇಲ್ಲ ಅಂದ್ಬುಟ್ಟಿದ್ರೆ ಮುಗಿತಿತ್ತಲ್ಲ?" ಅಂದರು ಅತ್ತೆ.

"ಹುಡುಕ್ಕೊಂಡು ಬಂದೋರಿಗೆ ಇಲ್ಲ ಅಂತಾರೇನೆ? ಇನ್ನೇನಿದೆ ಅಂತ ಹೇಳ್ಬೇಕು."

ತೊಂಬತ್ತರ ದಶಕದಲ್ಲಿ ನಮ್ಮ ಸಮಾಜದ ಸಂಘದವರಿಗೆ ಅದ್ಯಾವ ಗಳಿಗೆಯಲ್ಲಿ ಬುದ್ಧಿ ಮಂಕಾಯಿತೋ, ವಧೂವರರ ಮಾಹಿತಿ ಕೇಂದ್ರವನ್ನು ಇಂಥ ನಮ್ಮ ಮಾವನ ಕೈಗೆ ಒಪ್ಪಿಸಿಬಿಟ್ಟರು! ಮಾವನ ಮನೆಯ ಮುಂಗೋಣೆಯೇ ಕೇಂದ್ರ. ಒಂದು ಮೇಜು, ನಾಲ್ಕು ಕುರ್ಚಿ, ಉದ್ದನೆಯ ಮರದ ಡಬ್ಬಿಯೊಂದರಲ್ಲಿ ಜೋಡಿಸಿಟ್ಟ ಕಾರ್ಡುಗಳು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಫೋಟೋ ಸಮೇತ. ಸಂಜೆ ಮತ್ತು ಭಾನುವಾರ ಹುಡುಗ-ಹುಡುಗಿಯರ ಕಡೆಯವರು ಬಂದು ಕೂತು ನೋಡಬಹುದು.

ಕಾರ್ಡಿನ ಮುಂಬದಿ ಏನು ಬರೆದಿರುತ್ತಾರೆ ಹೇಳಿ? ವಯಸ್ಸು, ಎತ್ತರ, ಮೈಬಣ್ಣ. ಎಲ್ಲ ಕಡೆ ಹಾಗೇ. ಮಾವ ಅದಿಷ್ಟನ್ನೂ ಕಾರ್ಡಿನ ಬೆನ್ನಿಗೆ ತಳ್ಳಿದ್ದರು! ಮುಂದೆ ಫೋಟೋ, ಹೆಸರು, ಊರು, ಓದು. ಅದರ ಕೆಳಗೆ 'ಇಷ್ಟವಾದದ್ದು' ಅಂತ, ಅವರಲ್ಲಿ ಮಾವನಿಗೆ ಹಿಡಿಸಿದ ಗುಣದ ಬಗ್ಗೆ ಒಂದು ಸಾಲು. ಸಂಘದ ಅಧ್ಯಕ್ಷರು ಇದನ್ನು ನೋಡಿ ಹಣೆ ಚಚ್ಚಿಕೊಂಡರು.

"ಏನ್ರೀ ಇದು? ವಯಸ್ಸು ನೋಡೋಕೆ ಒಂದೊಂದ್ ಕಾರ್ಡೂ ತಿರುವ್ಬೇಕಾ?"

"ಹೌದು ಕಣ್ರೀ. ತಿರುವೋ ಹೊತ್ಗೆ ಮುಖ ನೋಡಿರ್ತಾರೆ, ಹೆಸ್ರು ಓದಿರ್ತಾರೆ. ಆಮೇಲೆ ಬೇಡ ಅನ್ನೋಕೆ ಸ್ವಲ್ಪ ನಾಚ್ಕೆ ಆಗ್ತದೆ. ಅಷ್ಟು ನಾಚ್ಕೆ ಇರ್ಬೇಕು."

ಅಧ್ಯಕ್ಷರು ಗಡಿಯಾರ ನೋಡಿಕೊಂಡು ಎದ್ದರು. ಮಾತಿನಲ್ಲಿ ಸೋತಾಗಲೆಲ್ಲ ಅವರು ಮಾಡುತ್ತಿದ್ದದ್ದು ಅದನ್ನೇ. ನಮ್ಮ ಮಾವನ ಸಹವಾಸದಲ್ಲಿ ಅವರಷ್ಟು ಗಡಿಯಾರ ನೋಡಿದವರು ಮೈಸೂರಿನಲ್ಲಿ ಇನ್ನೊಬ್ಬರಿರಲಾರರು.

ಬರುತ್ತಿದ್ದವರೂ ಒಬ್ಬರಿಗಿಂತ ಒಬ್ಬರು ಘನವಾದವರು. ಅಕ್ಕಿ ಗಿರಣಿಯ ಯಜಮಾನರ ಹೆಂಡತಿಯೊಬ್ಬರು ಒಂದು ಭಾನುವಾರ ಬಂದು ಕೂತು, ಸೊಸೆ ಹೇಗಿರಬೇಕು ಅಂತ ಹೇಳತೊಡಗಿದರು. ಹುಡುಗಿ ಎರಡು ಡಿಗ್ರಿ ಮಾಡಿರಬೇಕು, ಕೆಲಸಕ್ಕೆ ಹೋಗಬಾರದು. ಬೆಳ್ಳಗಿರಬೇಕು, ಕನ್ನಡಿ ಮುಂದೆ ನಿಲ್ಲಬಾರದು. ಹಾಡು ಬರಬೇಕು, ಜೋರಾಗಿ ಮಾತಾಡಬಾರದು. ದೊಡ್ಡ ಅಡುಗೆ ಮಾಡಬೇಕು, ಕಡಿಮೆ ತಿನ್ನಬೇಕು. ಇಷ್ಟೆಲ್ಲ ಹೇಳಿ, ನೀರು ಕುಡಿದು, "ಎತ್ತರ ಮಾತ್ರ ನಮ್ಮುಡುಗನಿಗಿಂತ ಕಮ್ಮಿ ಇರ್ಬೇಕು ಕಣ್ರೀ" ಅಂದರು.

"ನಿಮ್ಮ ಹುಡುಗನ ಎತ್ತರ ಎಷ್ಟಮ್ಮ?"

"ಐದೂ ಮೂರು."

ಮಾವ ಗಂಭೀರವಾಗಿ ಯೋಚಿಸಿ ಹೇಳಿದರು: "ಇಷ್ಟು ಗುಣ ಆ ಎತ್ತರದೊಳಗೆ ತುಂಬ್ಸೋದು ಕಷ್ಟ ಕಣಮ್ಮ. ಯಾವ್ದಾದ್ರೂ ಒಂದು ಬುಡಿ. ಒಂದೇ ಒಂದು."

ಆಯಮ್ಮ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ, ಕೊನೆಗೆ ಹಾಡನ್ನು ಬಿಟ್ಟುಕೊಟ್ಟರು. ಮಾವ ತಕ್ಷಣ ಕಾರ್ಡು ತೆಗೆದು ತೋರಿಸಿದರು. ಇವತ್ತಿಗೂ ಆ ಮನೆಯಲ್ಲಿ ಸೊಸೆ ಅಡುಗೆ ಮಾಡುತ್ತಾ ಹಾಡುತ್ತಾಳಂತೆ, ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರಂತೆ. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು ಅನ್ನಬೇಕು!

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಂಘಕ್ಕೆ ಯಾರೋ ಪುಣ್ಯಾತ್ಮರು ಒಂದು ಕಂಪ್ಯೂಟರ್ ದಾನ ಮಾಡಿದರು. ಈ ಕತೆಯೊಳಗೆ ನಾನು ಕಾಲಿಡುವುದು ಆಗ. ನಾನು ಸರಸ್ವತಿಪುರಂನ ಕಂಪ್ಯೂಟರ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿ, ಬೇಕಾದವರನ್ನು ಹುಡುಕುವಂತೆ ಒಂದು ಪ್ರೋಗ್ರಾಮ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಕಂಪ್ಯೂಟರಿನ ನೆತ್ತಿಗೆ ವಿಭೂತಿ ಹಚ್ಚಿ, ದೂರ ನಿಂತು ಕೈಮುಗಿದರು. ಮುಟ್ಟಲಿಲ್ಲ. ಮುಟ್ಟಿದರೆ ಯಾರದಾದರೂ ಮದುವೆ ಮುರಿದುಬಿದ್ದೀತು ಅಂತ ಭಯ.

ಮೊದಲ ಸಲ ನಾನು ಹೆಮ್ಮೆಯಿಂದ ವಯಸ್ಸು, ಎತ್ತರ, ಓದು ಎಲ್ಲ ತುಂಬಿ 'ಹುಡುಕು' ಒತ್ತಿದೆ. ಪರದೆಯ ನಡುಮಧ್ಯೆ ಕೆಂಪು ಅಕ್ಷರದಲ್ಲಿ ಮೂಡಿತು: 'ಯಾರೂ ಇಲ್ಲ.'

ಮಾವ ಹಾವು ಕಂಡವರಂತೆ ಹಿಂದೆ ಸರಿದರು. "ಶಿವ ಶಿವಾ! ಹಂಗೆ ಮುಖಕ್ಕೆ ಹೊಡ್ದಂಗೆ ಹೇಳ್ತಾರೇನೆ ಕೂಸೆ?"

"ಇಲ್ಲದ್ದನ್ನ ಇಲ್ಲ ಅನ್ನದೆ ಇನ್ನೇನು ಅನ್ನೋದು ಮಾವ?"

"ಹೂವಿನವ್ಳನ್ನ ಹೋಗಿ ಕೇಳು. ಮಲ್ಲಿಗೆ ಮುಗ್ದೋಗಿದ್ರೆ ಇಲ್ಲ ಅಂತಾಳಾ? 'ಕಾಕಡ ಐತೆ ಕಣವ್ವ, ಈಗ ತಾನೇ ಬಂತು, ನೋಡು' ಅಂತಾಳೆ. ಅವ್ಳಿಗಿರೋ ಮರ್ಯಾದೆ ಈ ಡಬ್ಬಕ್ಕೆ ಬೇಡ್ವಾ?"

ಅವತ್ತಿಗೆ ನನ್ನ ನೆಮ್ಮದಿ ಮುಗಿಯಿತು. ಪ್ರತಿ ಭಾನುವಾರ ಒಂದೊಂದು ತಕರಾರು! ಕೆಂಪು ಬೇಡ, ಮದುವೆ ವಿಷಯ, ಅರಿಶಿನದ ಬಣ್ಣ ಹಾಕು. 'ಅಳಿಸು' ಅನ್ನುವ ಗುಂಡಿ 'ಹುಡುಕು' ಪಕ್ಕದಲ್ಲೇ ಯಾಕಿದೆ? ಮಗಳ ಮದುವೆ ಯೋಚನೆಯಲ್ಲಿ ಬಂದ ಅಪ್ಪನ ಕೈ ನಡುಗುತ್ತಿರುತ್ತದೆ, ಆಚೆ ಮೂಲೆಗೆ ಇಡು. ಇನ್ನೊಮ್ಮೆ ಹುಡುಕುವಾಗ ಮೊದಲು ತುಂಬಿದ್ದೆಲ್ಲ ಯಾಕೆ ಮಾಯವಾಗುತ್ತದೆ? ಮನೆಗೆ ಬಂದವರನ್ನು ಗಳಿಗೆಗೊಂದು ಸಲ 'ನೀವ್ಯಾರು' ಅಂತ ಕೇಳುತ್ತಾರೆಯೇ? ಅಲ್ಲೇ ಇರಲಿ, ಬೇಕಾದ್ದನ್ನು ಮಾತ್ರ ತಿದ್ದಿಕೊಳ್ಳಲಿ. ಯಂತ್ರ ಯೋಚಿಸುತ್ತಾ ಸುಮ್ಮನೆ ಕೂತರೆ ಜನ ಗಾಬರಿಯಾಗುತ್ತಾರೆ, 'ಹುಡುಕುತ್ತಿದ್ದೇನೆ, ಸ್ವಲ್ಪ ಇರಿ' ಅಂತ ಬಾಯಿಬಿಟ್ಟು ಹೇಳಲಿ.

ಯಂತ್ರ ಆ ಮಾತು ಹೇಳಿದಾಗಲೆಲ್ಲ ಮಾವ ಒಳಗೆ ತಿರುಗಿ "ಕಾಫಿ!" ಅಂತ ಕೂಗುತ್ತಿದ್ದರು. ಕಂಪ್ಯೂಟರ್ ಎಷ್ಟು ನಿಧಾನವಾಗಿತ್ತೆಂದರೆ ಅತ್ತೆ ಬೀಜ ಹುರಿದು ಪುಡಿ ಮಾಡಿ ಡಿಕಾಕ್ಷನ್ ಇಳಿಸಿದರೂ ಅದಿನ್ನೂ ಹುಡುಕುತ್ತಲೇ ಇರುತ್ತಿತ್ತು.

ಒಂದು ಸಲ ಬರೀ ಊರಿನ ಹೆಸರು ಕೊಟ್ಟು ಹುಡುಕಿದಾಗ ಪರದೆಯ ತುಂಬ ಹುಡುಗಿಯರ ಹೆಸರುಗಳು ಸಾಲುಗಟ್ಟಿ ಬಂದವು. ನಾನು ಬೀಗಿದೆ. ಮಾವನ ಮುಖ ಸಪ್ಪಗಾಯಿತು.

"ಇದೇನೇ, ಬಟ್ಟೆ ಅಂಗ್ಡೀಲಿ ಸೀರೆ ಎಸ್ದಂಗೆ ಎಸೀತೀಯ? ಊಟಕ್ಕೆ ಕೂತೋರ ಎಲೆಗೆ ಎಲ್ಲಾನೂ ಒಟ್ಗೇ ಸುರೀತಾರಾ? ಪಲ್ಯ ಆದ್ಮೇಲೆ ಕೋಸಂಬ್ರಿ. ನಾಕು ಜನಾನ ತೋರ್ಸು. ನೋಡ್ಲಿ. ಆಮೇಲೆ ಇನ್ನು ನಾಕು."

"ಊಟದಲ್ಲಿ ಕೋಸಂಬರಿ ಮೊದಲು ಬಡಿಸೋದು ಮಾವ."

"ಮದ್ವೆ ಆಗ್ದಿರೋಳು ನೀನು, ಬಡ್ಸೋದು ನನಗೆ ಹೇಳ್ಕೊಡ್ತೀಯ?" ಅಂದುಬಿಟ್ಟರು. ಅಂದವರೇ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕೆ. ನಗುವುದು ನನಗೆ ಅಭ್ಯಾಸವಾಗಿತ್ತು.

ಹೇಳಿಯೇಬಿಡುತ್ತೇನೆ. ನನಗಾಗ ಮೂವತ್ತಮೂರು. ನನ್ನ ಕಾರ್ಡೂ ಆ ಮರದ ಡಬ್ಬಿಯಲ್ಲಿ ವರ್ಷಗಟ್ಟಲೆ ಇತ್ತು. ನೋಡಲು ಬಂದವರಿದ್ದರು, ಉಪ್ಪಿಟ್ಟು ತಿಂದವರಿದ್ದರು, 'ತಿಳಿಸ್ತೀವಿ' ಅಂದವರಿದ್ದರು. ತಿಳಿಸಿದವರಿಲ್ಲ. ಆಮೇಲಾಮೇಲೆ ಬರುವವರೂ ನಿಂತರು. ಕಾರ್ಡುಗಳನ್ನು ಕಂಪ್ಯೂಟರಿಗೆ ಸೇರಿಸುವ ಮೊದಲೇ ನಾನು ಮಾವನಿಗೆ ಖಡಾಖಂಡಿತವಾಗಿ, "ನನ್ನ ಹೆಸರು ಇದರಲ್ಲಿ ಬೇಡ, ತೆಗೆದುಬಿಡಿ" ಅಂದಿದ್ದೆ. ಅವರು "ಆಯ್ತು ಬುಡು" ಅಂದಿದ್ದರು. ನನ್ನ ಕಾರ್ಡನ್ನು ಟೈಪು ಮಾಡದೆ ಡಬ್ಬಿಯಲ್ಲೇ ಬಿಟ್ಟೆ. ಬೇಸರವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೇಕಾದಷ್ಟಿತ್ತು. ಪ್ರೋಗ್ರಾಮ್ ಬರೆದವಳಿಗೆ ಒಳಗಿನದ್ದೆಲ್ಲ ಕಾಣುತ್ತದಲ್ಲ! ಬಂದವರೆಲ್ಲ ವಯಸ್ಸಿನ ಜಾಗದಲ್ಲಿ 'ಇಪ್ಪತ್ತೆಂಟರೊಳಗೆ' ಅಂತ ತುಂಬುತ್ತಿದ್ದರು. ಅದಕ್ಕೆ ಮೇಲ್ಪಟ್ಟವರ ಪುಟಗಳನ್ನು ಒಬ್ಬರೂ ತೆರೆಯುತ್ತಿರಲಿಲ್ಲ. ಕಾರ್ಡಾಗಿದ್ದರೆ ಕೈಗಾದರೂ ತಗಲುತ್ತಿತ್ತು. ಈಗ ಅವರು ಇದ್ದಾರೆ ಅನ್ನುವುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಇದನ್ನು ಮಾತಿನ ನಡುವೆ ಮಾವನಿಗೆ ಹೇಳಿದೆ. ಅವರು ಅವತ್ತು ಕಾಫಿ ಕುಡಿಯಲಿಲ್ಲ. ಮುಂದಿನ ಭಾನುವಾರ ನಾನು ಚಪ್ಪಲಿ ಬಿಡುವ ಮೊದಲೇ ಹೊಸ ತಕರಾರು ಸಿದ್ಧವಾಗಿತ್ತು.

"ನಾಕು ಜನಾನ ತೋರ್ಸಿದ್ಮೇಲೆ ಕೆಳ್ಗೆ ಒಂದು ಗೆರೆ ಎಳಿ. ಆ ಗೆರೆ ಕೆಳ್ಗೆ ಇನ್ನೊಬ್ರನ್ನ ತೋರ್ಸು."

"ಯಾರನ್ನ?"

"ಯಾರೂ ತೆಗ್ದು ನೋಡಿರಲ್ವಲ್ಲ, ಅವ್ರನ್ನ. ಯಾರಾದ್ರೂ ಪುಟ ತೆಗ್ಯೋ ತನ್ಕ ಅವ್ರು ಅಲ್ಲೇ ಇರ್ಲಿ. ತೆಗ್ದು ನೋಡಿದ್ಮೇಲೆ ಆ ಜಾಗಕ್ಕೆ ಇನ್ನೊಬ್ರು ಬರ್ಲಿ, ಸರದಿ ಪ್ರಕಾರ."

"ಕೇಳದವರನ್ನ ತೋರಿಸಿದರೆ ಜನ ಬೈತಾರೆ ಮಾವ."

"ಅದ್ಕೇ ಸುಳ್ಳು ಹೇಳ್ಬೇಡ. 'ನೀವು ಕೇಳಿದ್ದು ಇವರನ್ನಲ್ಲ, ಆದರೂ ಒಮ್ಮೆ ನೋಡಿ' ಅಂತ ಬರಿ."

ಬರೆದೆ. ಇಷ್ಟು ದಿನ ಬಳಸಿದ ಮೇಲೆ ಸಂಘದವರು ಇಟ್ಟುಕೊಂಡ ಕಂಪ್ಯೂಟರಿನ ಉದ್ಘಾಟನೆಗೆ ಅಧ್ಯಕ್ಷರು ಹೆಂಡತಿಯನ್ನೂ ಕರೆದುಕೊಂಡು ಬಂದರು. ತಮಾಷೆಗೆ ಅಂತ ತಾವೇ ಕೂತು, ಸ್ವಭಾವದ ಜಾಗದಲ್ಲಿ 'ಮಿತಭಾಷಿ', 'ಶಾಂತಸ್ವಭಾವ', 'ಹೇಳಿದ್ದು ಕೇಳುವವಳು' ಅಂತ ಒಂದೊಂದಾಗಿ ಆರಿಸಿ ಗುಂಡಿ ಒತ್ತಿದರು. ಯಂತ್ರ ಮಾವ ಹೇಳಿಕೊಟ್ಟ ಮರ್ಯಾದೆಯಲ್ಲೇ ಉತ್ತರಿಸಿತು: 'ನೀವು ಕೇಳಿದ್ದೆಲ್ಲ ಒಬ್ಬರಲ್ಲೇ ಇರುವವರು ಸದ್ಯಕ್ಕೆ ಬಂದಿಲ್ಲ. ಹೇಳಿದ್ದು ಕೇಳುವವಳು ಎಂಬುದನ್ನು ಬಿಟ್ಟರೆ ಹಲವರಿದ್ದಾರೆ.'

"ನೋಡುದ್ರಾ? ಡಬ್ಬಕ್ಕೂ ಗೊತ್ತು!" ಅಂದರು ಅವರ ಹೆಂಡತಿ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

ಆದರೆ ಗೆರೆಯ ಕೆಳಗಿನ ಸಾಲು ಅಧ್ಯಕ್ಷರಿಗೆ ತಲೆನೋವಾಯಿತು. ದೊಡ್ಡ ಮನೆಯವರು ದೂರು ಹೇಳತೊಡಗಿದರು. 'ಇಪ್ಪತ್ತೈದರ ಹುಡುಗಿ ಕೇಳಿದರೆ ಮೂವತ್ತೈದರವಳನ್ನು ತೋರಿಸುತ್ತೀರಲ್ಲ, ನಮ್ಮ ಹುಡುಗನಿಗೇನು ಕಡಿಮೆಯಾಗಿದೆ' ಅಂತ. ಅಧ್ಯಕ್ಷರು ಮಾವನ ಹತ್ತಿರ ಬಂದು, ಆ ಸಾಲು ತೆಗೆಸಿ, ಇಲ್ಲದಿದ್ದರೆ ಕೇಂದ್ರವನ್ನು ಬೇರೆಯವರಿಗೆ ವಹಿಸುವುದು ಅನಿವಾರ್ಯ ಅಂದರು. ಮಾವ ದನಿ ಏರಿಸಿದ್ದನ್ನು ನಾನು ಕೇಳಿದ್ದು ಆವತ್ತೊಂದೇ ಸಲ.

"ಹುಡುಕೋರ ಕಡೆ ಊರೇ ಇದೆ ಕಣ್ರೀ. ನೀವಿದೀರಿ, ಜೋಯಿಸ್ರಿದಾರೆ, ಈ ಯಂತ್ರ ಇದೆ. ಯಾರಾದ್ರೂ ನೋಡ್ತಾರಾ ಅಂತ ಕಾದ್ಕೊಂಡು ಕೂತಿರ್ತವಲ್ಲ ಹೆಣ್ಮಕ್ಳು, ಅವ್ರ ಕಡೆಗೂ ಒಬ್ರು ಇರ್ಬೇಕಲ್ವಾ? ಒಂದ್ ಸಾಲು ಜಾಗ ಕೇಳಿದ್ರೆ ನಿಮ್ಮ ದೊಡ್ಡಮನೆಯೋರ ಗಂಟೇನ್ ಹೋಗ್ತದೆ?"

ಅಧ್ಯಕ್ಷರು ಕೆಟ್ಟವರಲ್ಲ. ಬರುವ ಭಾನುವಾರ ತಮ್ಮ ಕಡೆಯ ನೆಂಟರೊಬ್ಬರನ್ನು ಕರೆತರುತ್ತೇನೆ, ಅವರೇ ನೋಡಿ ಹೇಳಲಿ, ಆಮೇಲೆ ತೀರ್ಮಾನ ಮಾಡೋಣ ಅಂದು ಹೋದರು. ಆ ಸಾಲಿನಲ್ಲಿ ಆಗ ನಂಜನಗೂಡಿನ ಶಾಲೆಯ ಮೇಡಂ ಒಬ್ಬರ ಹೆಸರು ಬಹಳ ದಿನದಿಂದ ನಿಂತಿತ್ತು. ಆ ವಾರ ಯಾರೋ ಅವರ ಪುಟ ತೆರೆದು ನೋಡಿ, ವಿಳಾಸವನ್ನೂ ಬರೆದುಕೊಂಡು ಹೋದರು. ಮಾವ ಖುಷಿಯಲ್ಲಿ ಇಡೀ ಬೀದಿಗೆ ಕಾಫಿ ಕುಡಿಸುವವರಿದ್ದರು, ಅತ್ತೆ ತಡೆದರು.

ಭಾನುವಾರ ಬಂತು. ಅಧ್ಯಕ್ಷರು, ಅವರ ಹೆಂಡತಿ, ಹೆಂಡತಿಯ ಕಡೆಯ ಒಬ್ಬ ಹಿರಿಯಮ್ಮ, ಅವರ ಮಗ. ಮಗನಿಗೆ ಅಗ್ರಹಾರದ ಕಡೆ ವಿದ್ಯುತ್ ಸಾಮಾನಿನ ಅಂಗಡಿ. ಬಂದಾಗಿನಿಂದ ಮಾತಾಡದೆ ನಮ್ಮ ಮಾವನ ಮನೆಯ ಸ್ವಿಚ್ ಬೋರ್ಡನ್ನೇ ಅನುಮಾನದಿಂದ ನೋಡುತ್ತಿದ್ದರು. ಹಿರಿಯಮ್ಮ ಹೇಳಿದ್ದನ್ನು ನಾನು ತುಂಬಿದೆ. ವಯಸ್ಸು? ಇನ್ನೇನು, ಇಪ್ಪತ್ತೆಂಟರೊಳಗೆ. ಒತ್ತಿದೆ. ಯಂತ್ರ ಸ್ವಲ್ಪ ಇರಿ ಅಂದಿತು. ಕಾಫಿ ಬಂತು. ನಾಲ್ಕು ಹೆಸರು ಬಂದವು. ಗೆರೆ ಬಂತು. ಗೆರೆಯ ಕೆಳಗೆ, 'ನೀವು ಕೇಳಿದ್ದು ಇವರನ್ನಲ್ಲ, ಆದರೂ ಒಮ್ಮೆ ನೋಡಿ' ಅಂತ ಅರಿಶಿನದ ಬಣ್ಣದಲ್ಲಿ ಬಂದು, ಅದರ ಮುಂದೆ ವಯಸ್ಸಿನ ಸಮೇತ ನನ್ನ ಹೆಸರು ಬಂತು!

ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ಆವತ್ತು ತಿಳಿಯಿತು. ಅಧ್ಯಕ್ಷರು ಪರದೆಗೆ ಬೆರಳು ತೋರಿಸಿದರು. "ನೋಡಿ, ಇದೇ ನಾನು ಹೇಳಿದ್ದು! ಕೇಳಿದ್ದು ಇಪ್ಪತ್ತೆಂಟು. ಇದ್ಯಾರಪ್ಪ ಇದು, ಮೂವತ್..." ಅಂದವರು ತಲೆ ಎತ್ತಿದರೆ ಎದುರಿಗೆ ನಾನು. ಅವರ ಬೆರಳು ಹಾಗೇ ನಿಂತಿತು. ಗಡಿಯಾರ ನೋಡುವುದನ್ನೂ ಮರೆತರು.

"ಆ ಪುಟ ಸ್ವಲ್ಪ ತೆಗೀತೀರಾ?" ಅಂದರು ಅಂಗಡಿಯವರು. ಅವರು ಬಾಯಿಬಿಟ್ಟದ್ದು ಅದೇ ಮೊದಲು.

ಹುಡುಕಲು ಬಂದವರು ಕೇಳಿದರೆ ತೆಗೆಯಬೇಕಾದವಳು ನಾನೇ ತಾನೇ? ತೆಗೆದೆ. ನನ್ನದೇ ಪುಟ, ಫೋಟೋ ಜಾಗ ಮಾತ್ರ ಖಾಲಿ. 'ಇಷ್ಟವಾದದ್ದು' ಅನ್ನುವ ಸಾಲಿನಲ್ಲಿ ಪದಪದಗಳ ನಡುವೆ ಒಂದಿಷ್ಟೂ ಜಾಗ ಬಿಡದೆ ಉದ್ದಕ್ಕೆ ಬರೆದಿತ್ತು. ಜಾಗ ಬಿಡುವ ಗುಂಡಿ ಯಾವುದೆಂದು ತಿಳಿಯದವರು ನಮ್ಮ ಕೇಂದ್ರದಲ್ಲಿ ಒಬ್ಬರೇ ಇದ್ದರು. ಕಂಪ್ಯೂಟರ್ ಮುಟ್ಟಲು ಹೆದರುವ ಮನುಷ್ಯ, ನಾನಿಲ್ಲದ ಹೊತ್ತಿನಲ್ಲಿ ಒಂದೇ ಬೆರಳಿನಲ್ಲಿ ಗುದ್ದಿ ಗುದ್ದಿ ಬರೆದಿದ್ದರು. ನಾನು ಓದುವ ಮೊದಲೇ ಅಂಗಡಿಯವರು ಪರದೆಗೆ ಬಗ್ಗಿ, ಪದ ಬಿಡಿಸಿಕೊಂಡು ಜೋರಾಗಿ ಓದಿಬಿಟ್ಟರು: "ಒಗ್ಗರಣೆ ಸೀದರೂ ಊಟ ಬಿಡುವುದಿಲ್ಲ. ತನಗೆ ನೋವಾದಾಗ ನಗುತ್ತಾಳೆ, ಬೇರೆಯವರಿಗೆ ನೋವಾದಾಗ ನಗುವುದಿಲ್ಲ."

ಹಿರಿಯಮ್ಮ ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು.

"ಮೂವತ್ತಮೂರಾ?" ಅಂದರು ಹಿರಿಯಮ್ಮ, ಮೆಲ್ಲಗೆ.

"ಅಮ್ಮ, ನನಗೆ ಮೂವತ್ತಾರು," ಅಂದರು ಮಗ.

"ನೀನು ಗಂಡ್ಸು ಕಣೋ!"

"ನಾನೇನು ಅಲ್ಲ ಅಂದ್ನಾ?"

ಅಧ್ಯಕ್ಷರ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕಣ್ಣೊರೆಸಿಕೊಂಡು, "ಆ ಸಾಲು ಇದ್ರೆ ಇರ್ಲಿ ಬುಡ್ರೀ" ಅಂತ ಗಂಡನಿಗೆ ಹೇಳಿದರು. ಅಧ್ಯಕ್ಷರು ಹೇಳಿದ್ದು ಕೇಳಿದರು.

ಅಂಗಡಿಯವರು ಹೋಗುವ ಮೊದಲು ಮಾವನ ಸ್ವಿಚ್ ಬೋರ್ಡು ಬಿಚ್ಚಿ ಸರಿಮಾಡಿದರು. ಮುಂದಿನ ಭಾನುವಾರ ಅದನ್ನು ಪರೀಕ್ಷಿಸಲು ಬಂದರು. ಅದರ ಮುಂದಿನ ಭಾನುವಾರ ಬೋರ್ಡಿನ ನೆಪವನ್ನೂ ಹೇಳಲಿಲ್ಲ. ಅದೇ ವರ್ಷ ಮದುವೆಯಾಯಿತು. ಈಗ ನಮ್ಮನೆಯಲ್ಲಿ ಒಗ್ಗರಣೆ ಸೀಯಿಸುವವರು ಅವರೇ, ನಾನು ಊಟ ಬಿಡುವುದಿಲ್ಲ.

ಆ ಭಾನುವಾರ ಎಲ್ಲರೂ ಹೊರಟುಹೋದ ಮೇಲೆ ಮಾವನ ಮೇಲೆ ನನಗೆ ಕೆಂಡದಂಥ ಕೋಪವಿತ್ತು. "ನನ್ನ ಹೆಸರು ತೆಗೀರಿ ಅಂದಿದ್ನಲ್ಲ ಮಾವ! ಎಲ್ಲರ ಮುಂದೆ..." ಅಂತ ಶುರುಮಾಡಿದೆ. ಅವರ ಗಮನ ನನ್ನ ಕಡೆ ಇರಲೇ ಇಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತು, "ಇನ್ನೊಂದ್ಸಲ ಹುಡುಕು ಕೂಸೆ. ನಿನ್ ಜಾಗಕ್ಕೆ ಯಾರ್ ಬಂದ್ರು ನೋಡಾಣ" ಅಂದರು.

ಸಿಟ್ಟಿನಲ್ಲೇ ಒತ್ತಿದೆ. ಗೆರೆಯ ಕೆಳಗೆ ನನ್ನ ಹೆಸರಿರಲಿಲ್ಲ. ನರಸೀಪುರದ ಕಡೆಯ ಒಬ್ಬಳ ಹೆಸರಿತ್ತು. ನಲವತ್ತಕ್ಕೆ ಹತ್ತಿರದವಳು. ಮಾವ ಕನ್ನಡಕ ಒರೆಸಿಕೊಂಡು ಅವಳ ಹೆಸರು, ತಂದೆಯ ಹೆಸರು, ಊರು, ಓದು ಎಲ್ಲವನ್ನೂ ನಿಧಾನವಾಗಿ, ಬಾಯಿತುಂಬ ಓದಿದರು. ಹೊಸಿಲಲ್ಲಿ ನಿಂತವಳನ್ನು ಒಳಗೆ ಕರೆಯುವ ಹಾಗೆ "ಬಾ ತಾಯಿ" ಅಂದರು.

ಕಾಫಿ ಲೋಟ ತೆಗೆಯಲು ಬಂದ ಅತ್ತೆ ಬಾಗಿಲಲ್ಲೇ ನಿಂತು, "ನಿನ್ ಕಾರ್ಡನ್ನೂ ಹಿಂಗೇ ಓದ್ತಿದ್ರು ಕಣೆ. ಯಾರೂ ಬರ್ದಿದ್ದ ದಿನ ಒಬ್ರೇ ಕೂತ್ಕೊಂಡು, ಒಂದಕ್ಷರ ಬಿಡ್ದಂಗೆ" ಅಂದರು.

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ! ಕೀಲಿಮಣೆಯ ಮೇಲೆ ತಲೆಯಿಟ್ಟುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಮಾವ ಎದ್ದು ಬಂದು ಬೆನ್ನು ಸವರಿದರು. ಸವರುತ್ತಿದ್ದವರು ಪರದೆಯ ತುಂಬ ಅಕ್ಷರಗಳು ತಾವಾಗಿ ಓಡುವುದನ್ನು ನೋಡಿ ಬೆಚ್ಚಿ, ನನ್ನ ಭುಜ ಹಿಡಿದು ಅಲುಗಾಡಿಸತೊಡಗಿದರು.

"ಏಳೇ ಕೂಸೆ, ಏಳು! ಆ ಹೆಣ್ಮಗು ಹೆಸ್ರು ಅಳ್ಸಿ ಹೋಗ್ಬುಟ್ಟಾತು!"